ದನಿ ಏರಿಸಿದ್ದೆ, ಅಂಕಿ ಗೊತ್ತಿರಲಿಲ್ಲ

ಅನುಭವ ಮಂಟಪ ನೋಡಲು ಮೈಸೂರಿನ ಸಹಪಾಠಿ ನನ್ನ ಜೊತೆ ಬಂದಿದ್ದ. ಹುಮನಾಬಾದ್ ದಾಟಿದ ಮೇಲೆ ಬಸ್ಸಿನಲ್ಲಿ, '371ಜೆ ಬಂದು ನಮ್ಮ ಕಡೆಯ ಸೀಟೂ ನಿಮಗೇ' ಎಂದ. 'ನಿಮಗೆ ನಮ್ಮ ಭಾಗ ಕಂಡರಾಗದು' ಎಂದು ರೇಗಿದೆ. ಅದು ವಾದವಲ್ಲ, ಬೈಗುಳ. ನಿಯಮ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ರಾತ್ರಿ ಬಸವಕಲ್ಯಾಣದ ಮನೆಯಲ್ಲಿ 2013ರ ಆದೇಶ ಓದಿದೆ: ನಮ್ಮ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ಬೆಳಿಗ್ಗೆ ಅವನ ಮಾತನ್ನೇ ಅವನಿಗೆ ಹೇಳಿ, 'ನಿನ್ನ ಆಕ್ಷೇಪ ಇದೇ ತಾನೆ?' ಎಂದು ಕೇಳಿದೆ. ತಲೆಯಾಡಿಸಿದ ಮೇಲೆ ಅಂಕಿ ತೋರಿಸಿದೆ. ಒಪ್ಪಿದ. 'ಸರಿ, ಬೆಂಗಳೂರಲ್ಲೇ ಓದಿದ ನಿಮ್ಮೂರ ಅಧಿಕಾರಿ ಮಗನಿಗೂ ಇದು ಬೇಕಾ?' ಎಂದ.

ಅಕ್ಕಮಹಾದೇವಿಯನ್ನೂ ಅಲ್ಲಮ ಪ್ರಶ್ನಿಸದೆ ಬಿಡಲಿಲ್ಲ ಎಂದು ಅವನಿಗೆ ಹೆಮ್ಮೆಯಿಂದ ಹೇಳಿದ್ದವನು ನಾನೇ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇಲ್ಲವೆಂದೇ ಹೇಳಿದೆ.