ಕೈಗೆ ಗೊತ್ತಿದ್ದು ಬಾಯಿಗೆ ಬರಲಿಲ್ಲ ಅಂದ್ರೆ...

ಎಮರ್ಜೆನ್ಸಿ ಅಂದ ಕೂಡಲೇ 1975 ನೆನಪಾಗುವ ಹಿರಿಯರು ನಮ್ಮ ಓದುಗರಲ್ಲಿ ಇನ್ನೂ ಇದ್ದಾರೆ. ಅವರಿಗೆ ಮೊದಲೇ ಹೇಳಿಬಿಡೋಣ, ಇದು ಆ ಎಮರ್ಜೆನ್ಸಿ ಅಲ್ಲ. ಇದು ಬೆಂಗಳೂರಿನ ದೊಡ್ಡಾಸ್ಪತ್ರೆಗಳ ಮುಂಬಾಗಿಲ ಎಮರ್ಜೆನ್ಸಿ. ಆಂಬುಲೆನ್ಸ್ ಬಂದು ನಿಲ್ಲುವ ಜಾಗ. ಅಲ್ಲಿ ನರ್ಸ್ ಕೆಲಸಕ್ಕೆ ಸಂದರ್ಶನ ಅಂದರೆ ದಾವಣಗೆರೆಯಿಂದಲೂ ಹುಡುಗಿಯರು ಹೊರಡುತ್ತಾರೆ, ಹುಡುಗರೂ ಹೊರಡುತ್ತಾರೆ. 260 ಕಿಲೋಮೀಟರು, ಒಂದು ರಾತ್ರಿಯ ಬಸ್ಸು, ಬೆಳಗಿನ ಜಾವಕ್ಕೆ ಮೆಜೆಸ್ಟಿಕ್ಕು. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಫೈಲಿನಲ್ಲಿ ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿಎಸ್‌ಸಿ ನರ್ಸಿಂಗ್. ಅದರ ಹಿಂದೆ ಅಪ್ಪನ ಅಂಗಡಿಯ ಉಳಿತಾಯವೋ, ಮೆಕ್ಕೆಜೋಳ ಮಾರಿದ ದುಡ್ಡೋ, ಬ್ಯಾಂಕಿನ ಸಾಲವೋ.

ಅಲ್ಲಿ ಕುರ್ಚಿಯಲ್ಲಿ ಕೂತ ಮೇಲೆ ಏನಾಗುತ್ತದೆ? ಪ್ರಶ್ನೆ ಅರ್ಥವಾಗುತ್ತದೆ. ಉತ್ತರವೂ ಗೊತ್ತು. ಬಾಯಿ ಮಾತ್ರ ಬರುವುದಿಲ್ಲ. "ಇಂಗ್ಲಿಷ್ ಇಲ್ಲ ಅಂತ ತೆಗೆದುಬಿಟ್ರು" ಎಂದು ವಾಪಸ್ ಬರುತ್ತಾರೆ. ನಿಜವಾಗಿ ಸಮಸ್ಯೆ ಇಂಗ್ಲಿಷಿನದು ಮಾತ್ರವೇ? ಅಲ್ಲ ಅನ್ನುವುದೇ ಈ ಅಂಕಣದ ವಾದ.

ಅವರು ಕೇಳುವುದು ಏನು?

ಎಮರ್ಜೆನ್ಸಿ ವಿಭಾಗದ ಸಂದರ್ಶನದಲ್ಲಿ ಪಾಠದ ವ್ಯಾಖ್ಯೆ ಒಪ್ಪಿಸಿದರೆ ಸಾಲದು. ಸನ್ನಿವೇಶ ಕೊಡುತ್ತಾರೆ. ನೋಡಿ, ಒಂದು ಮಾದರಿ. ಒಂದೇ ಹೊತ್ತಿಗೆ ಮೂವರು ಬಂದರು. ಕಾಲು ಮುರಿದುಕೊಂಡು ಆಸ್ಪತ್ರೆ ಕಿತ್ತುಹೋಗುವ ಹಾಗೆ ಕಿರುಚುವವನೊಬ್ಬ. ಎದೆ ಹಿಡಿದುಕೊಂಡು ಬೆವರುತ್ತಾ ಸುಮ್ಮನೆ ಕೂತ ಐವತ್ತರ ಗಂಡಸು. ಜ್ವರದಲ್ಲಿ ಮಂಪರಾಗಿ, ಅಳುವುದನ್ನೂ ಬಿಟ್ಟ ಮಗು. ಯಾರನ್ನು ಮೊದಲು ನೋಡ್ತೀಯಮ್ಮಾ?

ನಮ್ಮ ಅಂಗಡಿ ಬೀದಿಯಲ್ಲಾದರೆ ಯಾರು ಹೆಚ್ಚು ಕೂಗುತ್ತಾರೋ ಅವರಿಗೆ ಮೊದಲು ಸಾಮಾನು ಕಟ್ಟುತ್ತೇವೆ. ಅಲ್ಲಿ ಲೆಕ್ಕ ಬೇರೆ. ಕೂಗುವವನಿಗೆ ಉಸಿರಾಟ ನಡೆಯುತ್ತಿದೆ ಅಂತ ಆ ಕೂಗೇ ಹೇಳುತ್ತದೆ. ಅವನ ರಕ್ತಸ್ರಾವ, ಕಾಲಿನ ನಾಡಿ ನೋಡಬೇಕು, ನಿಜ. ಆದರೆ ಸುಮ್ಮನಾದ ಮಗುವಿಗೂ ಬೆವರುವ ಎದೆಗೂ ಮೊದಲ ಹಾಸಿಗೆ. ಎದೆನೋವಿನವನಿಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಈ ವಿಂಗಡಣೆಗೆ ಟ್ರಯಾಜ್ ಅಂತ ಹೆಸರು. ಕೆಂಪು ಅಂದರೆ ಈಗಲೇ, ಹಳದಿ ಅಂದರೆ ಬೇಗ, ಹಸಿರು ಅಂದರೆ ಕಾಯಬಹುದು.

ಎರಡನೆಯದು ಎದೆ ಒತ್ತುವ ಲೆಕ್ಕ. ನಾಡಿ, ಉಸಿರು ನೋಡಲು 10 ಸೆಕೆಂಡು ಮೀರಬಾರದು. ವಯಸ್ಕರಿಗಾದರೆ 30 ಸಲ ಒತ್ತು, 2 ಸಲ ಉಸಿರು. ನಿಮಿಷಕ್ಕೆ 100ರಿಂದ 120, ಆಳ 5 ಸೆಂಟಿಮೀಟರಿಗೆ ಕಡಿಮೆ ಇಲ್ಲದಂತೆ, 6 ಮೀರದಂತೆ. ಇದರ ತರಬೇತಿ ಪತ್ರಕ್ಕೆ ಸಾಮಾನ್ಯವಾಗಿ ಎರಡು ವರ್ಷದ ಆಯಸ್ಸು. ಅವಧಿ ಮುಗಿದ ಪತ್ರ ಫೈಲಿನಲ್ಲಿದ್ದರೆ ಇದ್ದೂ ಇಲ್ಲದ ಹಾಗೆ.

ಮೂರನೆಯದು ಸೂಕ್ಷ್ಮದ್ದು. ಡಾಕ್ಟರು ಬಾಯಲ್ಲಿ ಹೇಳಿದ ಡೋಸು ಜಾಸ್ತಿ ಅನ್ನಿಸಿದರೆ? "ಅವರು ಹೇಳಿದ್ದು ಕೊಡ್ತೀನಿ" ಅಂದರೆ ಕೆಲಸ ಹೋಯಿತು. ಔಷಧಿ ಹೆಸರು, ಪ್ರಮಾಣ ಎರಡನ್ನೂ ಅವರಿಗೆ ತಿರುಗಿ ಹೇಳಿ, ಖಾತ್ರಿ ಮಾಡಿಕೊಂಡು, ಕೊಟ್ಟ ಸಮಯ ಬರೆದಿಡುತ್ತೇನೆ ಅನ್ನಬೇಕು. ಸಂಶಯ ಹೋಗದಿದ್ದರೆ ಕೊಡುವ ಮುಂಚೆಯೇ ಮೇಲಿನವರ ಗಮನಕ್ಕೆ ತರುತ್ತೇನೆ ಅನ್ನಬೇಕು. ಅಪಘಾತದವನು ಬಂದರೆ ಮೊದಲು ಪೊಲೀಸೋ, ಮೊದಲು ಚಿಕಿತ್ಸೆಯೋ ಎಂದೂ ಕೇಳಬಹುದು. ಇದಕ್ಕೆ 1989ರಲ್ಲೇ ಸುಪ್ರೀಂ ಕೋರ್ಟು ಪರಮಾನಂದ ಕಟಾರಾ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಜೀವ ಮೊದಲು, ಕಾಗದ ಆಮೇಲೆ.

ನಮ್ಮವರ ಹತ್ತಿರ ಇರುವ ಬಂಡವಾಳ

ಈಗ ಹೇಳಿ, ಇದರಲ್ಲಿ ನಮ್ಮ ಕಡೆಯ ಹುಡುಗಿಗೆ ಬಾರದ್ದು ಏನಿದೆ? ಜಿಲ್ಲಾಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿದವಳು ಕ್ರಿಮಿನಾಶಕ ಕುಡಿದು ಬಾಯಲ್ಲಿ ನೊರೆ ಬರುವವರನ್ನು ನೋಡಿರುತ್ತಾಳೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿರುವುದು, ಅಟ್ರೋಪಿನ್ ಕೊಟ್ಟ ಮೇಲೆ ಎದೆಯ ಗೊರಗೊರ ಒಣಗುತ್ತಾ ಬರುವುದು ಅವಳಿಗೆ ಗೊತ್ತು. ಹೊಲದಲ್ಲಿ ಹಾವು ಕಡಿಸಿಕೊಂಡವರ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು, ಹೆಪ್ಪುಗಟ್ಟಿತೋ ಇಲ್ಲವೋ ಎಂದು ಕಾದಿರುತ್ತಾಳೆ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ರಾಜ್ಯ ಸರ್ಕಾರ 2024ರಲ್ಲಿ ಆದೇಶಿಸಿತು. ಆ ಕಡಿತಗಳು ಎಂ.ಜಿ. ರೋಡಿನಲ್ಲಿ ಆಗುವುದಿಲ್ಲ ಸ್ವಾಮಿ, ಹರಿಹರ, ಜಗಳೂರಿನ ಕಡೆಯ ಹೊಲಗಳಲ್ಲಿ ಆಗುತ್ತವೆ.

ಆದರೂ ಅನುಭವ ಏನು ಅಂತ ಕೇಳಿದರೆ ಅವಳು "ಫ್ರೆಶರ್ ಸಾರ್" ಅಂದು ತಲೆ ತಗ್ಗಿಸುತ್ತಾಳೆ! ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಲ್ಲಿ ಕೈ ಕೆಸರಾಗಿದೆ, ಬಾಯಿಗೆ ಮೊಸರು ಸಿಗುತ್ತಿಲ್ಲ. ಯಾಕೆಂದರೆ ಮಾಡಿದ್ದನ್ನು ಕ್ರಮವಾಗಿ ಹೇಳುವ ಅಭ್ಯಾಸವನ್ನು ಯಾರೂ ಮಾಡಿಸಿಲ್ಲ. ಯಾರು ಬಂದರು, ಮೊದಲು ಏನು ಕಂಡಿತು, ಏನು ಮಾಡಿದೆ, ಯಾರಿಗೆ ತಿಳಿಸಿದೆ, ಆಮೇಲೆ ಏನಾಯಿತು. ಐದೇ ವಾಕ್ಯ. ಮುರುಕು ಇಂಗ್ಲಿಷಿನಲ್ಲಿ ಹೇಳಿದರೂ ಎದುರಿಗೆ ಕೂತವರಿಗೆ ಅರ್ಥವಾಗುತ್ತದೆ. ಬೆಂಗಳೂರಿನ ಎಮರ್ಜೆನ್ಸಿಯಲ್ಲೂ ಕನ್ನಡ ಬಿಟ್ಟು ಬೇರೆ ಬಾರದ ರೋಗಿಗಳು ದಿನಾ ಬರುತ್ತಾರೆ. ಗಾಬರಿಯಾದ ಮನೆಯವರನ್ನು ಅವರ ಭಾಷೆಯಲ್ಲೇ ಸಮಾಧಾನ ಮಾಡುವವಳು ಆಸ್ಪತ್ರೆಗೂ ಬೇಕು. ವೈದ್ಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು 2009ರ ರಾಜ್ಯ ಕಾಯ್ದೆ ಇದೆ, ಸರಿ. ಆದರೆ ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುವುದು ಕಾಯ್ದೆಗಿಂತ ಹಳೆಯದು.

ನೀವೂ ಕೇಳಿ

ಇನ್ನೊಂದು ಮಾತು ತಂದೆ-ತಾಯಿಗಳಿಗೆ. ಸಂದರ್ಶನ ಅಂದರೆ ಹೆಣ್ಣು ನೋಡುವ ಶಾಸ್ತ್ರವಲ್ಲ, ಒಂದೇ ಕಡೆಯವರು ಪ್ರಶ್ನೆ ಕೇಳಿ ಎದ್ದುಹೋಗಲು. ಕೈಗೆ ಬರುವ ಸಂಬಳ ಎಷ್ಟು, ಹಾಸ್ಟೆಲು, ಊಟಕ್ಕೆ ಎಷ್ಟು ಕಡಿತ? ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸಿಗೆ ಎಷ್ಟು ಹಾಸಿಗೆ? ಒಂಟಿಯಾಗಿ ನಿಲ್ಲಿಸುವ ಮುಂಚೆ ಎಷ್ಟು ದಿನ ತರಬೇತಿ? ಬಾಂಡ್ ಇದೆಯೇ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು? ಇದೆಲ್ಲ ಕೇಳಿದರೆ ಕೆಲಸ ಕೊಡುವುದಿಲ್ಲ ಅನ್ನುವ ಜಾಗದಲ್ಲಿ ಕೆಲಸ ಸಿಕ್ಕಿದರೂ ಸುಖವಿಲ್ಲ. ಮೂಲ ಅಂಕಪಟ್ಟಿ, ನರ್ಸಿಂಗ್ ಕೌನ್ಸಿಲಿನ ನೋಂದಣಿ ಪತ್ರ ತೋರಿಸಿ, ಬಿಟ್ಟು ಬರಬೇಡಿ. ನಕಲು ಕೊಡಿ. ಖಾಲಿ ಚೆಕ್ಕಿಗೆ ಸಹಿ ಬೇಡವೇ ಬೇಡ. ನಡುವೆ ಕಮಿಷನ್ ಕೇಳುವ ಏಜೆಂಟನಿಗೆ ಒಂದು ರೂಪಾಯಿಯೂ ಬೇಡ.

ಸಂಬಳದ ವಿಷಯ ಬಂತು. 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದ ಮೇಲೆ ಕೇಂದ್ರ ನೇಮಿಸಿದ ಸಮಿತಿ ಸ್ಪಷ್ಟವಾಗಿ ಹೇಳಿತು. 200 ಹಾಸಿಗೆ ಮೀರಿದ ಖಾಸಗಿ ಆಸ್ಪತ್ರೆ ತನ್ನ ನರ್ಸಿಗೆ ರಾಜ್ಯ ಸರ್ಕಾರಿ ನರ್ಸಿನ ಸಂಬಳವನ್ನೇ ಕೊಡಬೇಕು. 50 ಹಾಸಿಗೆಗಿಂತ ಚಿಕ್ಕದಾದರೂ ತಿಂಗಳಿಗೆ 20,000 ರೂಪಾಯಿಗೆ ಇಳಿಯಬಾರದು. ಆದರೆ ಇದು ಶಿಫಾರಸು. ಜಾರಿಗೆ ತರುವ ಹೊಣೆ ರಾಜ್ಯಗಳದ್ದು. ಕೇರಳದಲ್ಲಿ ನರ್ಸುಗಳು ಬೀದಿಗಿಳಿದು ಹೋರಾಡಿದ ಮೇಲೆ 2018ರಲ್ಲಿ 20,000ದ ಕನಿಷ್ಠ ಮೂಲವೇತನದ ಆದೇಶ ಬಂತು. ಕೇಳದೆ ಯಾರೂ ಕೊಡಲಿಲ್ಲ ಅನ್ನುವುದು ಗಮನಿಸಬೇಕಾದ ಅಂಶ.

ಊರಿನ ಪಾಲು

ಹಾಗಾದರೆ ಮಾಡಬೇಕಾದ್ದು ಏನು? ದೊಡ್ಡ ಯೋಜನೆ ಬೇಡ. ನರ್ಸಿಂಗ್ ಕಾಲೇಜುಗಳು ಕೊನೆಯ ವರ್ಷದವರನ್ನು ವಾರಕ್ಕೊಂದು ತಾಸು ಕೂರಿಸಿ, ಮೇಲಿನಂಥ ಸನ್ನಿವೇಶ ಕೊಟ್ಟು ಬಾಯಿ ಬಿಡಿಸಲಿ. ಪಾಳಿ ಮಾಡಿದ ಆಸ್ಪತ್ರೆಯಿಂದ ಯಾವ ವಿಭಾಗ, ಎಷ್ಟು ದಿನ ಎಂದು ಬರೆದ ಪತ್ರ ಕೊಡಿಸಲಿ. ಇದಕ್ಕೆ ಸರ್ಕಾರದ ಅನುದಾನ ಬೇಕಿಲ್ಲ, ಮನಸ್ಸು ಬೇಕು.

"ಕಲಿಸಿ ಕಳಿಸಿದರೆ ಎಲ್ಲರೂ ಬೆಂಗಳೂರಿಗೇ ಹೋಗ್ತಾರಲ್ರೀ, ನಮ್ಮೂರಿಗೆ ಯಾರು?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಹುಡುಗಿಯ ಬಾಯಿ ಕಟ್ಟಿ ಊರಲ್ಲಿ ಉಳಿಸಿಕೊಳ್ಳುವುದು ಅದಕ್ಕೆ ಉತ್ತರವಲ್ಲ. ವರ್ಷ ವರ್ಷ ನವೀಕರಣಕ್ಕೆ ಕಾಯುವ ಗುತ್ತಿಗೆ ನೌಕರಿ ಇಟ್ಟು "ಇಲ್ಲೇ ಇರಮ್ಮಾ" ಅಂದರೆ ಯಾರು ಇರುತ್ತಾರೆ? 108 ಆಂಬುಲೆನ್ಸ್ ಈ ರಾಜ್ಯದಲ್ಲಿ 2008ರ ನವೆಂಬರಿನಿಂದ ಓಡುತ್ತಿದೆ. ಅದು ನಮ್ಮ ನಿಮ್ಮ ಮನೆಯವರನ್ನು ನಡುರಾತ್ರಿ ಹೊತ್ತೊಯ್ಯುವುದು ಮೊದಲು ಈ ಊರಿನ ಆಸ್ಪತ್ರೆಗೇ. ಅಲ್ಲಿ ಕಾಯಂ ನೌಕರಿ, ಸರಿಯಾದ ಸಂಬಳ ಇದ್ದರೆ ಬೆಂಗಳೂರಿನಲ್ಲಿ ಪಳಗಿದ ಕೈಗಳೂ ವಾಪಸ್ ಬರುತ್ತವೆ. ಇಲ್ಲದಿದ್ದರೆ ಸ್ಟ್ರೆಚರ್ ತಳ್ಳಲು ನಾವೇ ಇರುತ್ತೇವೆ, ನಾಡಿ ಹಿಡಿಯಲು ಯಾರೂ ಇರುವುದಿಲ್ಲ.