ಕೊಳ ಹಸಿರಾದರೆ ಹೊಣೆ ಯಾರದು?

ಬೇಸಿಗೆ ರಜ ಬಂತೆಂದರೆ ಹುಡುಗರ ಕಾಲು ತಾನಾಗಿ ಈಜುಕೊಳದ ಕಡೆ ತಿರುಗುತ್ತದೆ. ಟಿಕೆಟ್ ತಗೊಂಡು ಒಳಗೆ ಹೋದರೆ ಎಷ್ಟೋ ಬಯಲು ಕೊಳಗಳಲ್ಲಿ ಕಾಣುವುದು ಊರಾಚೆಯ ಕೆರೆಯಂಥ ಹಸಿರು ನೀರು. ಕೇಳಿದರೆ, "ಪಾಚಿ ತಾನೆ, ಏನಾಗಲ್ಲ, ಇಳೀರಿ" ಎಂಬ ಉತ್ತರ!

ಏನಾಗಲ್ಲವೇ ಸ್ವಾಮಿ? ಮೆಟ್ಟಿಲು ಜಾರುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ತಳ ಕಾಣುವುದಿಲ್ಲ. ಮುಳುಗಿದ ಮಗು ಕಣ್ಣಿಗೇ ಬೀಳದಿದ್ದರೆ ಕಾವಲುಗಾರ ದಡದಲ್ಲಿದ್ದರೇನು, ಮನೇಲಿದ್ದರೇನು?

ಪಾಚಿಗೆ ಬಿಸಿಲು, ಬೆಚ್ಚನೆ ನೀರು ಇದ್ದು ಕ್ಲೋರಿನ್ ಕಮ್ಮಿಯಾದರೆ ಸಾಕು, ಹಬ್ಬ. ಬಯಲು ಕೊಳದಲ್ಲಿ ಆ ಕ್ಲೋರಿನ್ನನ್ನು ಬಿಸಿಲೇ ತಿಂದುಹಾಕುತ್ತದೆ. ಅದನ್ನು ತಡೆಯಲು ಸಯನ್ಯೂರಿಕ್ ಆಮ್ಲ ಬೆರೆಸುವುದುಂಟು. ಹೆಚ್ಚಾದರೆ ಕ್ಲೋರಿನ್ ಮಂಕಾಗುತ್ತದೆ. ಆದ್ದರಿಂದ ಹೆಚ್ಚಿನ ಪ್ರಮಾಣದ ಕ್ಲೋರಿನ್ನನ್ನು ಜನ ಹೋದ ಮೇಲೆ, ಹೊತ್ತು ಮುಳುಗಿದ ಮೇಲೆ ಹಾಕಬೇಕು. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಅಳೆಯಬೇಕು. ಲೀಟರಿಗೆ ಕನಿಷ್ಠ 1 ಮಿಲಿಗ್ರಾಂ ಕ್ಲೋರಿನ್, ಆಮ್ಲ ಬೆರೆಸಿದ್ದರೆ 2 ಇರಬೇಕು. ಪಿ.ಎಚ್. 7.2ರಿಂದ 7.8ರೊಳಗಿರಬೇಕು. 8 ದಾಟಿದರೆ ಹಾಕಿದ ಕ್ಲೋರಿನ್ನಿನ ಕಸುವು ಬಹಳಷ್ಟು ಇಳಿಯುತ್ತದೆ. ಜೊತೆಗೆ ಗೋಡೆ, ಮೂಲೆ ಉಜ್ಜಬೇಕು, ಫಿಲ್ಟರ್ ಓಡಬೇಕು. ಇಷ್ಟೇ ಕೆಲಸ. ಆದರೆ ದಿನಾ ಆಗಬೇಕು.

"ದುಡ್ಡಿಲ್ಲ" ಅನ್ನುವವರು ಬ್ರೆಜಿಲಿನ ಕಥೆ ಕೇಳಲಿ. 2016ರ ಆಗಸ್ಟಿನಲ್ಲಿ ರಿಯೊ ಒಲಿಂಪಿಕ್ಸಿನ ಡೈವಿಂಗ್ ಕೊಳ ಇದ್ದಕ್ಕಿದ್ದಂತೆ ಹಸಿರಾಯಿತು. ಅಲ್ಲಿ ದುಡ್ಡಿಗೇನು ಬರವೇ? ಗುತ್ತಿಗೆದಾರ 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಸುರಿದದ್ದರಿಂದ ಕ್ಲೋರಿನ್ ಕೆಲಸ ಮಾಡಲಿಲ್ಲ ಎಂದು ಸಂಘಟಕರೇ ಒಪ್ಪಿಕೊಂಡರು. ಪಕ್ಕದ ಕೊಳವೂ ಹಸಿರಾಗಿ, ಸುಮಾರು 37 ಲಕ್ಷ ಲೀಟರ್ ನೀರು ಬದಲಿಸಬೇಕಾಯಿತು.

ನಮ್ಮಲ್ಲೂ ಕೊನೆಗೆ ಅದೇ ಮದ್ದು: ಪಾಚಿ ಕಟ್ಟಿತೋ, ಕೊಳ ಖಾಲಿ ಮಾಡು. ನಲ್ಲಿ ನೀರಿಗೆ ಜನ ಕೊಡ ಹಿಡಿದು ಕಾಯುವ ಬೇಸಿಗೆಯಲ್ಲಿ, ಅಂಗಡಿಯವರು ಟ್ಯಾಂಕರಿಗೆ ದುಡ್ಡು ಸುರಿಯುವ ದಿನಗಳಲ್ಲಿ, ಕೊಳದ ನೀರನ್ನು ಚರಂಡಿಗೆ ಬಿಡುವುದು ಯಾವ ನ್ಯಾಯ?

ಬಸ್ ನಿಲ್ದಾಣದಲ್ಲಿ ವೇಳಾಪಟ್ಟಿಯ ಬೋರ್ಡು ಇರುವಂತೆ ಕೊಳದ ಟಿಕೆಟ್ ಕಿಟಕಿಯಲ್ಲೂ ಒಂದು ಬೋರ್ಡು ತೂಗಲಿ. ಇಂದಿನ ಕ್ಲೋರಿನ್ ಎಷ್ಟು, ಪಿ.ಎಚ್. ಎಷ್ಟು, ಅಳೆದವರು ಯಾರು, ಎಷ್ಟು ಗಂಟೆಗೆ ಎಂದು ಸೀಮೆಸುಣ್ಣದಲ್ಲಿ ಬರೆದರೂ ಸಾಕು. ಬೋರ್ಡು ಖಾಲಿಯಿದ್ದರೆ, ತಳ ಕಾಣದಿದ್ದರೆ, ಅಪ್ಪ ಅಮ್ಮಂದಿರು ಮಕ್ಕಳನ್ನು ನೀರಿಗಿಳಿಸದೆ ಟಿಕೆಟ್ ದುಡ್ಡು ವಾಪಸ್ ಕೇಳಲಿ. ಆಗ ನೋಡಿ, ಪಾಚಿ ಹೇಗೆ ಓಡುತ್ತದೆ!