ಸುಳ್ಳನ್ನು ಹಿಡಿಯಲಿಕ್ಕೂ ಹಳೇ ವಾರಪತ್ರಿಕೆ ಬೇಕು

ಕಳೆದ ಸಲ ಬಿಜೂರಿಗೆ ಹೋಗಿದ್ದಾಗ ಪಕ್ಕದ ಮನೆಯ ಹುಡುಗಿ ಮುಖ ಸಣ್ಣ ಮಾಡಿಕೊಂಡು ಬಂದಳು. ಬಿ.ಎ. ಕೊನೇ ವರ್ಷದವಳು. ಕೈಯಲ್ಲಿ 'ಚೋಮನ ದುಡಿ' ಸಿನಿಮಾದ ಮೇಲೆ ಬರೆದ ಪ್ರಬಂಧ. ಕೊನೆಯ ಪುಟದ ಒಂದು ಸಾಲಿಗೆ ಅವಳ ಸರ್ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, 'ಇದು ಎಲ್ಲಿ ಸಿಕ್ಕಿತು?' ಎಂದು ಬರೆದಿದ್ದರು. ಅಲ್ಲಿದ್ದದ್ದು 1976ರ ವಾರಪತ್ರಿಕೆಯೊಂದರ ವಿಮರ್ಶೆಯ ಉಲ್ಲೇಖ. ಸಂಚಿಕೆಯ ತಾರೀಕು, ಪುಟ ಸಂಖ್ಯೆ ಎಲ್ಲ ಇತ್ತು.

"ಚಾಟ್‌ಬಾಟ್ ಹತ್ರ ಕೇಂಡೆ ಅಕ್ಕ, ಅದೇ ಕೊಟ್ಟದ್ದ್. ಸುಳ್ಳಾ?" ಅಂದಳು.

ಸುಳ್ಳೇ ಇರಬೇಕು ಎಂದು ನನಗನ್ನಿಸಿತು. ಆದರೆ ಸುಳ್ಳು ಎಂದು ಹೇಳಬೇಕಾದರೂ ಆ ಸಂಚಿಕೆಯನ್ನು ತೆರೆದು ನೋಡಬೇಕು. ಅದು ಅವಳ ಕಾಲೇಜಿನಲ್ಲಿಲ್ಲ, ಪಂಚಾಯತಿಯ ಅರಿವು ಕೇಂದ್ರದಲ್ಲೂ ಇಲ್ಲ. ಸುತ್ತು ಹಾಕಿದ ಸರ್ ಕೂಡ ಅದನ್ನು ನೋಡಿರಲಿಕ್ಕಿಲ್ಲ. ಅಂದರೆ ಕದ್ದವಳಿಗೂ ಗೊತ್ತಿಲ್ಲ, ಹಿಡಿದವರಿಗೂ ಗೊತ್ತಿಲ್ಲ. ಈ ಪರಿಸ್ಥಿತಿಯಲ್ಲಿ ನಾವು ಮಕ್ಕಳಿಗೆ 'ಆಕರಗಳನ್ನು ಕೊಡಿ' ಎಂದು ಬುದ್ಧಿ ಹೇಳುತ್ತಿದ್ದೇವೆ.

ಮರುದಿನ ಅವಳ ಜೊತೆ ಕಾಲೇಜಿನ ಲೈಬ್ರರಿಗೆ ಹೋದೆ. ಸಿನಿಮಾದ ಪುಸ್ತಕ ಕೇಳಿದರೆ ಅಲ್ಲಿದ್ದವರು ನಕ್ಕರು. "ಸಿನಿಮಾ ನೋಡುಕೆ ಲೈಬ್ರರಿ ಎಂತಕ್ಕೆ? ಫೋನಂಗೆ ಇತ್ತಲ!" ಅವರು ಕೆಟ್ಟವರಲ್ಲ, ಎಲ್ಲರೂ ನಂಬಿದ್ದನ್ನೇ ಹೇಳಿದರು. ಮೂಲೆಯಲ್ಲಿ ವಾರಪತ್ರಿಕೆಗಳ ಕಟ್ಟುಗಳು ಗುಜರಿಗೆ ಹೋಗಲು ತಯಾರಾಗಿದ್ದವು. ಪರೀಕ್ಷೆಯ ಗೈಡುಗಳು ಮಾತ್ರ ಗಾಜಿನ ಕಪಾಟಿನಲ್ಲಿ ಭದ್ರವಾಗಿದ್ದವು.

ನನ್ನ ತಕರಾರು ಆ ನಂಬಿಕೆಯ ಮೇಲೆ. ಸಿನಿಮಾ ಫೋನಿನಲ್ಲಿದೆ, ನಿಜ. ಸಿನಿಮಾದ ಚರಿತ್ರೆ ಇರುವುದು ಕಾಗದದಲ್ಲಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ತೆರೆಗೆ ಬಂತು. ಇವತ್ತು ಅದರ ಒಂದು ಪ್ರತಿಯೂ ಸಿಕ್ಕಿಲ್ಲ. ಆದರೂ ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ಅದರಲ್ಲಿ ನಟಿಸಿದ್ದರು, ಕೊಲ್ಹಾಪುರದಲ್ಲಿ ಚಿತ್ರೀಕರಣವಾಯಿತು ಎಂದು ನಾವು ಹೇಳಬಲ್ಲೆವು. ನೋಡಿದವರು, ಬರೆದವರು, ಜಾಹೀರಾತು ಅಚ್ಚು ಹಾಕಿದವರು ಬಿಟ್ಟುಹೋದದ್ದರ ಬಲದಿಂದ. ನಮ್ಮ ಕೋಟದ ಶಿವರಾಮ ಕಾರಂತರು 1930ರ ಆಸುಪಾಸಿನಲ್ಲೇ ಮೂಕಿ ಚಿತ್ರ ಮಾಡಲು ಹೊರಟಿದ್ದರು ಎಂಬುದನ್ನೂ ನಾವು ತಿಳಿದದ್ದು ಓದಿಯೇ, ನೋಡಿ ಅಲ್ಲ.

'ಚೋಮನ ದುಡಿ'ಯ ವಿಷಯಕ್ಕೇ ಬರೋಣ. ಬಿ.ವಿ. ಕಾರಂತರ ಈ ಚಿತ್ರ 1975ರದು. ಸ್ವರ್ಣಕಮಲ ಬಂತು, ಎಂ.ವಿ. ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಇಷ್ಟನ್ನು ಎಲ್ಲ ಪ್ರಬಂಧಗಳೂ ಹೇಳುತ್ತವೆ, ಒಂದೇ ಮಾತಿನಲ್ಲಿ, ಒಂದೇ ಕ್ರಮದಲ್ಲಿ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಭೂಸುಧಾರಣಾ ಕಾಯ್ದೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್‌ನಲ್ಲಿ. ಕರಾವಳಿಯ ಗೇಣಿದಾರರು ಅರ್ಜಿ ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ನಿಂತಿದ್ದ ಕಾಲ. ಗೇಣಿ ಮಾಡುತ್ತಿದ್ದವನಿಗೆ ಭೂಮಿ ಸಿಗುವ ಹಾದಿ ತೆರೆಯಿತು. ಗೇಣಿಗೂ ಭೂಮಿ ಸಿಗದಿದ್ದ ಚೋಮನಂಥವರಿಗೆ? ಆ ಹೊತ್ತಿನಲ್ಲೇ ಬಂದ ಈ ಸಿನಿಮಾವನ್ನು ಹೊಸದಾಗಿ ಭೂಮಿ ಪಡೆದವರು ಹೇಗೆ ನೋಡಿದರು, ಪಡೆಯದವರು ಹೇಗೆ ನೋಡಿದರು? ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳಿಗೆ ಎಷ್ಟು ಬರೆಯಲಿಕ್ಕೆ ಬಿಟ್ಟರು? ಸಿನಿಮಾವನ್ನು ನೂರು ಸಲ ನೋಡಿದರೂ ಇದಕ್ಕೆ ಉತ್ತರವಿಲ್ಲ. ಉತ್ತರ ಇರುವುದಾದರೆ ಆ ವರ್ಷಗಳ 'ಸುಧಾ'ದಂಥ ಪತ್ರಿಕೆಗಳ ಓದುಗರ ಪತ್ರಗಳಲ್ಲಿ, ಜಿಲ್ಲಾ ಸುದ್ದಿಯ ಪುಟಗಳಲ್ಲಿ, ಯಾವ ಟಾಕೀಸಿನಲ್ಲಿ ಎಷ್ಟು ದಿನ ಓಡಿತು ಎಂದು ಹೇಳುವ ಜಾಹೀರಾತುಗಳಲ್ಲಿ.

ಅದನ್ನು ಹುಡುಕಲು ನಾನು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬಲ್ಲೆ. ನನಗೆ ಫೆಲೋಶಿಪ್ ಬರುತ್ತದೆ. ಆ ಹುಡುಗಿಗೆ ಏನು ಬರುತ್ತದೆ? ಸಿನಿಮಾಕ್ಕೆಂದೇ ಮೀಸಲಾದ 'ರೂಪತಾರಾ' ಹೊರಬಂದದ್ದು ನಮ್ಮ ಜಿಲ್ಲೆಯ ಮಣಿಪಾಲದಿಂದಲೇ. ಅದರ ಹಳೇ ಸಂಚಿಕೆಗಳನ್ನು ಓದಲು ಬಿಜೂರಿನ ಹುಡುಗಿ ಊರೂರು ಅಲೆಯಬೇಕು ಎಂದರೆ ಇದು ಬಡತನದ ಪ್ರಶ್ನೆ ಮಾತ್ರವಲ್ಲ, ಅಸಡ್ಡೆಯ ಪ್ರಶ್ನೆ.

'ದುಡ್ಡಿಲ್ಲ' ಎನ್ನುವವರಿಗೆ ಒಂದು ಮಾತು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ. ಇನ್ನು, ಗುಜರಿಗೆ ಹಾಕದೆ ಇಟ್ಟುಕೊಳ್ಳುವುದಕ್ಕೆ ಬೇಕಾದದ್ದು ಒಂದು ಒಣ ಕೋಣೆ, ಒಂದಿಷ್ಟು ರಟ್ಟು, ದಾರ. ನಮ್ಮ ಮಳೆಗಾಲಕ್ಕೆ ಯಕ್ಷಗಾನದ ಪ್ರಸಂಗ ಪುಸ್ತಕಗಳನ್ನು ಅಟ್ಟದ ಮೇಲೆ ಕಾಪಾಡಿದ ಮನೆಗಳು ಇಲ್ಲಿ ಎಷ್ಟಿಲ್ಲ! ಟಾಕೀಸಿನ ಹೊರಗೆ ಮಾರುತ್ತಿದ್ದ ಸಿನಿಮಾ ಹಾಡಿನ ಪುಸ್ತಕಕ್ಕೆ ಆ ಮರ್ಯಾದೆ ಸಿಗಲಿಲ್ಲ. ಸಿನಿಮಾ ಎಂದರೆ ಹೊತ್ತು ಕಳೆಯುವ ಆಟ, ಓದುವ ವಿಷಯವಲ್ಲ ಎಂದು ಓದಿದವರೇ ತೀರ್ಮಾನಿಸಿದ್ದರು. ಈಗ ಅದೇ ಸಿನಿಮಾವನ್ನು ಪಠ್ಯಕ್ಕೆ ಸೇರಿಸಿದ್ದೇವೆ, ಆಕರಗಳನ್ನು ಮಾತ್ರ ಸೇರಿಸಿಲ್ಲ.

'ಎಲ್ಲ ನೆಟ್ಟಿನಲ್ಲಿದೆ' ಎನ್ನುವವರಿಗೆ ಇನ್ನೊಂದು ಮಾತು. ನೆಟ್ಟಿನಲ್ಲಿರುವುದು ಯಾರೋ ಒಬ್ಬರು ಹಾಕಿದ್ದು. ನಮ್ಮ ತಾಲೂಕಿನ ಸುದ್ದಿಪುಟವನ್ನು, ಸಂಪಾದಕರಿಗೆ ಬಂದ ಪತ್ರವನ್ನು ಯಾರೂ ಹಾಕದಿದ್ದರೆ ಅದು ಇರುವುದಿಲ್ಲ. ಇಲ್ಲದ ಜಾಗವನ್ನು ಯಂತ್ರ ಚೆಂದದ ಸುಳ್ಳಿನಿಂದ ತುಂಬಿಸಿ ಕೊಡುತ್ತದೆ. ಅದನ್ನು ಒರೆಗೆ ಹಚ್ಚುವ ಕಾಗದವನ್ನು ಮಾರಿಬಿಟ್ಟು, ಸುಳ್ಳು ಬರೆದಳು ಎಂದು ಹುಡುಗಿಯೊಬ್ಬಳನ್ನೇ ಬೈಯುವುದು ನ್ಯಾಯವಲ್ಲ.

2022ರಲ್ಲಿ 'ಕಾಂತಾರ' ಬಂತು. ಕೆರಾಡಿಯ ಹುಡುಗ ಮಾಡಿದ ಸಿನಿಮಾ ದೇಶವೆಲ್ಲ ಓಡಿತು. ದೈವವನ್ನು ತೆರೆಯ ಮೇಲೆ ತರಬಹುದೇ ಎಂದು ಕರಾವಳಿಯಲ್ಲಿ ಜಗಳಗಳೇ ಆದವು. ಇಪ್ಪತ್ತು ವರ್ಷದ ನಂತರ ಅದರ ಮೇಲೆ ಬರೆಯುವವರಿಗೆ ಸಿನಿಮಾ ಸಿಗುತ್ತದೆ. ಜಗಳ ಸಿಗುತ್ತದೆಯೇ? ಆ ತಿಂಗಳ ಪತ್ರಿಕೆಗಳು ನಿಮ್ಮ ಕಾಲೇಜಿನಲ್ಲಿ ಇವತ್ತು ಇವೆಯೇ, ಒಮ್ಮೆ ಹೋಗಿ ನೋಡಿ.

ಹುಡುಗಿ ಆ ಉಲ್ಲೇಖವನ್ನು ಹೊಡೆದು ಹಾಕಿ ಪ್ರಬಂಧ ಕೊಟ್ಟಳು. ಸರ್‌ ಹತ್ತಿರ ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದಿದ್ದೆ, ಹೇಳಿದಳು. ಮಾರ್ಕು ಕಡಿಮೆ ಬಂತು. ಲೈಬ್ರರಿಯವರನ್ನು ಕೇಳಿ ಎರಡು ಕಟ್ಟು ವಾರಪತ್ರಿಕೆ ನಾವು ತಂದೆವು. ಈಗ ಅವು ನಮ್ಮ ಮನೆಯ ಅಟ್ಟದ ಮೇಲಿವೆ. ಅವು ಇರಬೇಕಾದದ್ದು ಅಲ್ಲಲ್ಲ.